ಮಕ್ಕಳ ಉಳಿತಾಯ ಖಾತೆಗೆ ಸರ್ಕಾರವೇ ದುಡ್ಡು ಹಾಕಿದರೆ ಬಡವರ ಮಕ್ಕಳಿಗೆ ನಿಜಕ್ಕೂ ಉಪಯೋಗ ಆಗುತ್ತಾ?

ಆಗುತ್ತೆ, ಆದರೆ ಖಾತೆ ತಾನಾಗಿಯೇ ತೆರೆಯುವಂತಿರಬೇಕು. ಬ್ರಿಟನ್ನಿನ ಚೈಲ್ಡ್ ಟ್ರಸ್ಟ್ ಫಂಡ್ ನೋಡಿ. 2002ರ ಸೆಪ್ಟೆಂಬರ್‌ನಿಂದ ಹುಟ್ಟಿದ ಮಕ್ಕಳಿಗೆ ಶುರುವಿನಲ್ಲಿ 250 ಪೌಂಡ್ ವೋಚರ್, ಕಡಿಮೆ ಆದಾಯದ ಮನೆಯವರಿಗೆ 500. ಅಪ್ಪ ಅಮ್ಮ ವರ್ಷದೊಳಗೆ ಅದನ್ನು ಬಳಸದಿದ್ದರೆ ತೆರಿಗೆ ಇಲಾಖೆಯೇ ಖಾತೆ ತೆರೆಯುತ್ತಿತ್ತು. ನನಗೆ ತುಂಬಾ ಹಿಡಿಸಿದ್ದು ಇದೇ: ಅರ್ಜಿ ತುಂಬಲು ಪುರುಸೊತ್ತಿಲ್ಲದ ಮನೆಯ ಮಗುವೂ ಹೊರಗುಳಿಯಲಿಲ್ಲ.

ಎಡವಿದ್ದು ಆಮೇಲೆ. ಹದಿನೆಂಟು ತುಂಬಿದಾಗ ದುಡ್ಡು ಆ ಮಗುವಿನ ಕೈಸೇರಬೇಕು. ಆದರೆ ಮನೆ ಬದಲಾಯಿಸಿದವರ ಕಾಗದಗಳು ಹಳೇ ವಿಳಾಸಕ್ಕೇ ಹೋದವು. ಲಕ್ಷಾಂತರ ಖಾತೆಗಳು ಕೇಳುವವರಿಲ್ಲದೆ ಬಿದ್ದಿವೆ. ಸಂಕಟವಾಗುತ್ತೆ, ಆ ದುಡ್ಡು ಹೆಚ್ಚು ಬೇಕಿದ್ದದ್ದು ಅಂಥವರಿಗೇ.

2011ರಲ್ಲಿ ಯೋಜನೆ ನಿಂತು ಜೂನಿಯರ್ ಐಎಸ್‌ಎ ಎಂಬ ಮಕ್ಕಳ ಉಳಿತಾಯ ಖಾತೆ ಬಂತು. ಅದರಲ್ಲಿ ತೆರಿಗೆ ವಿನಾಯಿತಿಯಿದೆ, ಸರ್ಕಾರದ ಪಾಲಿಲ್ಲ. ಉಳಿಸಲು ಏನೂ ಇಲ್ಲದವರಿಗೆ ಬರೀ ವಿನಾಯಿತಿ ಕಟ್ಟಿಕೊಂಡು ಏನಾಗಬೇಕು?