ಟ್ರೈಪಾಡ್ ಇದ್ದರೂ ಆಟಗಾರರು ಮಸುಕಾಗೋದು ಯಾಕೆ?

ಶಾಲೆಯ ಫೋಟೋಗ್ರಫಿ ಪ್ರಾಜೆಕ್ಟ್‌ಗೆ ಒಳಾಂಗಣದಲ್ಲಿ ತೆಗೆದ ಬ್ಯಾಸ್ಕೆಟ್‌ಬಾಲ್ ಫೋಟೋಗಳು ಟ್ರೈಪಾಡ್ ಇಟ್ಟರೂ ಮಸುಕಾಗುತ್ತಿವೆ ಅಂದರೆ, ಬಹುತೇಕ ಶಟರ್ ವೇಗ (ಬೆಳಕಿಗಾಗಿ ಕ್ಯಾಮೆರಾದ ಶಟರ್ ಎಷ್ಟು ಬೇಗ ತೆರೆದು ಮುಚ್ಚುತ್ತದೆ ಅನ್ನೋದು) ಸಾಲದೇ ಇರೋದೇ ಕಾರಣ. ಟ್ರೈಪಾಡ್ ಕ್ಯಾಮೆರಾದ ಅಲುಗಾಟ ತಡೆಯುತ್ತದೆ ಅಷ್ಟೇ, ಓಡುವ ಆಟಗಾರನ ಚಲನೆಯನ್ನಲ್ಲ.

ಫೋಟೋ ನೋಡದೆ ಖಚಿತವಾಗಿ ಹೇಳೋದು ಕಷ್ಟ. ಹಾಗಾಗಿ ಮೊದಲು ಒಂದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಅಂಕಣದ ಗೆರೆಗಳು ಸ್ಪಷ್ಟವಾಗಿದ್ದು, ಕೈಕಾಲು ಮಾತ್ರ ಎಳೆದ ಹಾಗೆ ಕಂಡರೆ ನನ್ನ ಊಹೆ ಸರಿ. ಆಟಗಾರ ಮಸುಕಾಗಿ ಹಿಂದಿನ ಗೋಡೆ ಸ್ಪಷ್ಟವಾಗಿದ್ದರೆ ಫೋಕಸ್ ಕೂಡ ತಪ್ಪಿರಬಹುದು. ಆಗ ಓಡುವ ಆಟಗಾರನನ್ನು ಹಿಂಬಾಲಿಸುವ ಕಂಟಿನ್ಯುಯಸ್ ಫೋಕಸ್‌ಗೆ ಬದಲಾಯಿಸಿ.

ಆಮೇಲೆ ಆಟೋ ಬಿಟ್ಟು ಡಯಲ್ ಅನ್ನು ಎಸ್‌ಗೆ (S) ತಿರುಗಿಸಿ, ಕ್ಯಾನನ್ ಆದರೆ ಟಿವಿಗೆ (Tv). ಇದರಲ್ಲಿ ಶಟರ್ ವೇಗವನ್ನು ನೀವೇ ಆರಿಸಬಹುದು. ಶಟರ್ 1/500 ಸೆಕೆಂಡ್ ಇಡಿ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಇರಲಿ, ಗರಿಷ್ಠ ಮಿತಿ 6400. ಫೋಟೋ ಸ್ವಲ್ಪ ಕಾಳುಕಾಳಾಗಿ ಕಾಣುತ್ತದೆ, ಹೆದರಬೇಡಿ. ಅದನ್ನು ಎಡಿಟಿಂಗ್‌ನಲ್ಲಿ ಕಮ್ಮಿ ಮಾಡಬಹುದು, ಎಳೆದುಹೋದ ಮುಖವನ್ನು ಸರಿಮಾಡೋದು ತುಂಬ ಕಷ್ಟ.

ಇನ್ನೂ ಕತ್ತಲೆ ಅನಿಸಿದರೆ ಜೂಮ್ ಮಾಡಬೇಡಿ, ನೀವೇ ಹತ್ತಿರ ಹೋಗಿ. ಸಾಮಾನ್ಯ 18-55 ಎಂಎಂ ಲೆನ್ಸ್ ಜೂಮ್ ಇಲ್ಲದ 18ರಲ್ಲಿ ಎಫ್ 3.5ರ ತನಕ ತೆರೆಯುತ್ತದೆ, ಪೂರ್ತಿ ಜೂಮ್ ಆದ 55ರಲ್ಲಿ 5.6 ಮಾತ್ರ (ಎಫ್ ಸಂಖ್ಯೆ ದೊಡ್ಡದಾದಷ್ಟು ಲೆನ್ಸ್ ತೆರೆಯೋದು ಕಡಿಮೆ). ಅಂದರೆ ಬೆಳಕು ಅರ್ಧಕ್ಕಿಂತ ಕಡಿಮೆ! ಸಾಲಾಗಿ ತೆಗೆದ ಫೋಟೋಗಳಲ್ಲಿ ಒಂದೆರಡು ಮಾತ್ರ ಮಂಕಾಗಿದ್ದರೆ ಅದು ದೀಪದ ಮಿನುಗು ಇರಬಹುದು. ಮೆನುವಿನಲ್ಲಿ ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ.

ಹಾಳಾದ ಫೋಟೋಗಳನ್ನು ದಯವಿಟ್ಟು ಅಳಿಸಬೇಡಿ. ಹಳೆಯದೊಂದು, ಹೊಸದೊಂದು ಪಕ್ಕಪಕ್ಕ ಅಂಟಿಸಿ, ಕೆಳಗೆ ಶಟರ್ ಮತ್ತು ಐಎಸ್ಒ ಬರೆದು ಪ್ರಾಜೆಕ್ಟ್‌ನಲ್ಲೇ ಸೇರಿಸಿ.