ಮುರಿದ ಟ್ಯಾಪನ್ನು ಜೇಬಿಗೆ ಹಾಕಿಕೊಳ್ಳುವ ಹುಡುಗ

ತುಮಕೂರು ಜಿಲ್ಲೆಯ ಐಟಿಐ ಒಂದರಲ್ಲಿ ಫಿಟ್ಟರ್ ಪಾಠ ಮಾಡುವ ಕಿರಿಯ ತರಬೇತಿ ಅಧಿಕಾರಿಯೊಬ್ಬರ ಪತ್ರ: ‘ನಮ್ಮ ಹುಡುಗರಿಗೆ ಕೆಲಸ ಬರುತ್ತದೆ, ಸಂದರ್ಶನದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ವಾರಕ್ಕೊಂದು ದಿನ ವರ್ಕ್‌ಶಾಪ್ ನಿಲ್ಲಿಸಿ ವ್ಯಕ್ತಿತ್ವ ವಿಕಸನ, ಸ್ಪೋಕನ್ ಇಂಗ್ಲಿಷ್ ತರಗತಿ ನಡೆಸಬಾರದೇ?’

ಮೇಷ್ಟ್ರೇ, ನಿಮ್ಮ ಕಾಳಜಿ ದೊಡ್ಡದು. ಇಂಗ್ಲಿಷ್ ಬೇಕು; ಡ್ರಾಯಿಂಗು, ಯಂತ್ರದ ಕೈಪಿಡಿ ಎಲ್ಲ ಅದರಲ್ಲೇ ಇರುತ್ತವೆ. ಅದಕ್ಕೆಂದೇ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಎಂಬ ವಿಷಯ ಪಠ್ಯದಲ್ಲಿದೆ, ಅದನ್ನು ಚೆನ್ನಾಗಿ ಕಲಿಸಿ. ವರ್ಕ್‌ಶಾಪಿನ ದಿನಕ್ಕೆ ಮಾತ್ರ ಕೈ ಹಚ್ಚಬೇಡಿ. ತಾನು ಮಾಡಿದ ಜಾಬ್ (ವರ್ಕ್‌ಶಾಪಿನಲ್ಲಿ ತಯಾರಿಸುವ ಲೋಹದ ತುಂಡು) ಸರಿಯೋ ತಪ್ಪೋ ಎಂದು ತಾನೇ ಹೇಳಲಾಗದವನಿಗೆ ಯಾವ ಭಾಷೆಯಲ್ಲೂ ಬಾಯಿ ಬರುವುದಿಲ್ಲ.

ಎಂ8 ಟ್ಯಾಪಿಂಗನ್ನೇ ನೋಡಿ, ಅಂದರೆ 8 ಮಿ.ಮೀ. ಬೋಲ್ಟ್ ಕೂರುವಂತೆ ತೂತಿನೊಳಗೆ ಟ್ಯಾಪ್ ಎಂಬ ಉಪಕರಣದಿಂದ ಥ್ರೆಡ್ (ತಿರುಪಿನ ಗೆರೆ) ಕೊರೆಯುವುದು. ಪಿಚ್, ಅಂದರೆ ಒಂದು ಗೆರೆಯಿಂದ ಮುಂದಿನ ಗೆರೆಗಿರುವ ಅಂತರ, 1.25 ಮಿ.ಮೀ. ಎಂಟರಲ್ಲಿ ಅದನ್ನು ಕಳೆದರೆ 6.75, ಆದ್ದರಿಂದ 6.8ರ ಡ್ರಿಲ್. 6.5 ಹಾಕಿದರೆ ಟ್ಯಾಪ್ ಬಿಗಿಯುತ್ತದೆ; 7.5 ಹಾಕಿದರೆ ಥ್ರೆಡ್ ತೆಳುವಾಗಿ, ಬೋಲ್ಟ್ ಬಿಗಿ ಮಾಡುವಾಗ ಕಿತ್ತು ಬರುತ್ತದೆ. ಮೊದಲ ಟ್ಯಾಪ್ ಒಂದೆರಡು ಸುತ್ತು ಇಳಿದ ಕೂಡಲೇ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಎರಡು ದಿಕ್ಕಿನಿಂದ ನೋಡಬೇಕು. ಓರೆಯಾಗಿದ್ದರೆ ತಿದ್ದುವ ಹೊತ್ತು ಅದೇ. ಆಮೇಲೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚಿಪ್ (ಕೊರೆದ ಲೋಹದ ಚೂರು) ಮುರಿಯಲಿ ಎಂದು. ಎಣ್ಣೆ ಮರೆಯಬಾರದು. ಆರಪಾರ ಇಲ್ಲದ ತೂತಾದರೆ ಚಿಪ್ ತಳದಲ್ಲಿ ಕೂರುತ್ತದೆ. ನಡುನಡುವೆ ಟ್ಯಾಪ್ ತೆಗೆದು ತೂತು ಚೊಕ್ಕ ಮಾಡಬೇಕು.

ಇಷ್ಟಾದರೂ ಟ್ಯಾಪ್ ಮುರಿಯುತ್ತದೆ. ಆಗ ಹುಡುಗ ಮಾಡುವುದೇನು? ತುಂಡನ್ನು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸುತ್ತಾನೆ. ಅವನ ಧೈರ್ಯ ಉಳಿಯುವುದೂ ಅಳಿಯುವುದೂ ಆ ಗಳಿಗೆಯಲ್ಲೇ. ಬೈಯದೆ ತುಂಡನ್ನು ಬೆಂಚಿನ ಮೇಲೆ ಇಡಿಸಿ, ‘ಯಾಕೆ ಮುರೀತಪ್ಪ?’ ಎಂದು ಕೇಳಿ. ತೂತು ಚಿಕ್ಕದಿತ್ತೇ, ಓರೆಯಿತ್ತೇ, ಹಿಂದೆ ತಿರುಗಿಸಲಿಲ್ಲವೇ? ಉತ್ತರವನ್ನು ಅವನ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿ. ನಾಳೆ ಸಂದರ್ಶನದಲ್ಲಿ ಹೇಳಲು ಅವನ ಬಳಿ ಸ್ವಂತದ್ದೊಂದು ವಿಷಯ ಇರುತ್ತದೆ.

ಅಳತೆಯಲ್ಲೂ ಹೀಗೇ. ವರ್ನಿಯರ್ ಎಂಬ ಅಳತೆ ಸಾಧನದ ದವಡೆ ಮುಚ್ಚಿ ಸೊನ್ನೆ ಕೂಡುತ್ತದೆಯೇ ಎಂದು ಮೊದಲು ನೋಡುವುದು ರೂಢಿಯಾಗಲಿ. ಒಂದೇ ಜಾಬನ್ನು ಇಬ್ಬರು ಬೇರೆಬೇರೆ ಚೀಟಿಯಲ್ಲಿ ಅಳೆದು ಬರೆಯಲಿ, ಆಮೇಲೆ ತಾಳೆ ನೋಡಲಿ. ನೀವು ಕೊನೆಗೆ ಅಳೆಯಿರಿ. ನೀವೇ ಮೊದಲು ‘ಸರಿಯಾಗಿದೆ ಹೋಗು’ ಎಂದರೆ ಆ ಹುಡುಗ ಜೀವನವಿಡೀ ಸಾರ್ ಮುಖವನ್ನೇ ನೋಡುತ್ತಾನೆ. ನಂತರ ಜಾಬ್ ಕೈಯಲ್ಲಿ ಹಿಡಿದು ಎರಡು ನಿಮಿಷ ಮಾತಾಡಿಸಿ, ಮೊದಲು ಕನ್ನಡದಲ್ಲಿ: ‘25.00 ಬೇಕಿತ್ತು, ಅಂಚಿನಲ್ಲಿ 24.92 ಬಂದಿದೆ. ಫೈಲ್ ತೂಗಾಡಿತು, ನಡು ಉಬ್ಬಿತು.’ ಫೈಲ್, ಅಂದರೆ ಲೋಹ ಉಜ್ಜುವ ಅರ, ಯಾಕೆ ತೂಗಾಡಿತು? ಗಿಡ್ಡ ಹುಡುಗನಿಗೆ ಜಾಬ್ ಬಿಗಿಹಿಡಿಯುವ ವೈಸ್ ಎತ್ತರವಾಗಿದ್ದರೆ ಮೊಣಕೈ ಮೇಲೇಳುತ್ತದೆ. ವೈಸಿನ ದವಡೆ ಮೊಣಕೈ ಮಟ್ಟಕ್ಕಿರಬೇಕು. ಕಾಲ ಕೆಳಗೊಂದು ಮರದ ಹಲಗೆ ಸಾಕು. ಆ ಹಲಗೆಯಷ್ಟು ಆತ್ಮವಿಶ್ವಾಸ ಹೊರಗಿನ ಭಾಷಣಕಾರರು ತಂದುಕೊಡಲಾರರು.

ಅಣಕು ಸಂದರ್ಶನ ಖಂಡಿತ ಮಾಡಿ. ‘ನಿನ್ನ ಬಗ್ಗೆ ಹೇಳು’ ಎಂದು ಶುರುಮಾಡದೆ ಡ್ರಾಯಿಂಗ್, ಜಾಬ್, ವರ್ನಿಯರ್ ಮೂರನ್ನೂ ಮುಂದಿಡಿ.

ತಪ್ಪು ನಿಮ್ಮೊಬ್ಬರದಲ್ಲ, ಗೊತ್ತು. 20 ಹುಡುಗರಿಗೆ ಎರಡು ವರ್ನಿಯರ್, ಹಲ್ಲು ಸವೆದ ಫೈಲು ಕೊಟ್ಟು ನಿಖರತೆ ಕೇಳುವವರು ನಾವೇ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದ ಮಗನಿಗೆ ‘ಐಟಿಐಗಾದರೂ ಹೋಗು’ ಎನ್ನುವಾಗ ಆ ‘ಆದರೂ’ ಎಂಬ ಒಂದೇ ಮಾತು ಅವನನ್ನು ಅರ್ಧ ಕುಗ್ಗಿಸಿರುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಗಳಿಗೆ ಕೆಲಸ ಕಲಿಸಿ ಎನ್ನುತ್ತದೆ. ಎಷ್ಟೋ ಕಡೆ ಹುಡುಗ ವರ್ಷವಿಡೀ ಟ್ರಾಲಿ ತಳ್ಳಿ ಬರುತ್ತಾನೆ. ವಿಶ್ವೇಶ್ವರಯ್ಯನವರ ಜಯಂತಿಗೆ ಹಾರ ಹಾಕುತ್ತೇವೆ. ಅವರ ಆಸ್ಥೆಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಯಚಾಮರಾಜೇಂದ್ರ ಸಂಸ್ಥೆಯ ಹೆಸರಿನಲ್ಲೇ ‘ಆಕ್ಯುಪೇಷನಲ್’ ಎಂಬ ಪದವಿತ್ತು, ಕಸುಬಿನ ಶಾಲೆ ಎಂದು. ಆ ಪದ ಹೇಳಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ, ನಮಗೆ ಯಾಕೆ?

ಮುಂದಿನ ತಿಂಗಳು ನಿಮ್ಮ ಬ್ಯಾಚಿನ ಮುರಿದ ಟ್ಯಾಪುಗಳ ಪಟ್ಟಿ ಕಳಿಸಿ, ಹುಡುಗರೇ ಬರೆದ ಕಾರಣ ಸಮೇತ. ಒಂದು ಪುಟ ತೆಗೆದಿಟ್ಟಿರುತ್ತೇವೆ.

— ಸಂ.