ತಪ್ಪಾದ ಪದ ಹತ್ತು ಸಲ: ನಾಲ್ಕನೇ ತರಗತಿ ಹುಡುಗನೊಬ್ಬನ ಪ್ರಕರಣ

(ಹೆಸರು, ಮನೆಯ ವಿವರ, ಶಾಲೆಯ ಗುರುತು ಬದಲಿಸಿದ್ದೇನೆ. ಬರೆಯಲು ತಂದೆ-ತಾಯಿಯ ಒಪ್ಪಿಗೆ ಇದೆ.)

ಹುಡುಗನನ್ನು ಹುಲುಗೇಶ ಎಂದು ಕರೆಯೋಣ. ಒಂಬತ್ತು ವರ್ಷ, ಬಳ್ಳಾರಿ ನಗರದವನು. ತಂದೆ ಗೂಡ್ಸ್ ಆಟೊ ಓಡಿಸುತ್ತಾರೆ. ತಾಯಿ ಮನೆಯಲ್ಲೇ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ ಕೊಡುತ್ತಾರೆ. ಮೂರನೇ ತರಗತಿವರೆಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಓದಿದ ಮಗುವನ್ನು ನಾಲ್ಕಕ್ಕೆ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ್ದರು.

"ಸೋಮಾರ ಬಂತಂದ್ರ ಹೊಟ್ಟಿ ಹಿಡ್ಕಂಡು ಕುಂದ್ರುತಾನ್ರಿ ಮೇಡಂ. ಹೋಮ್‌ವರ್ಕ್ ಮಾಡು ಅಂದ್ರ ಅಳ್ತಾನ. ಸೋಂಬೇರಿ ಆಗ್ಯಾನ ಅಂತಾರ ಇವರಪ್ಪ," ಎಂದು ಅವನನ್ನು ನನ್ನ ಬಳಿ ಕರೆತಂದ ತಾಯಿ ಹೇಳಿದರು. ಮಕ್ಕಳ ವೈದ್ಯರು ಆಗಲೇ ನೋಡಿ, ರೋಗವೇನೂ ಇಲ್ಲ ಎಂದು ಕಳಿಸಿದ್ದರು. ರೋಗವಿಲ್ಲ ಎಂದರೆ ನೋವಿಲ್ಲ ಎಂದು ಮನೆಯವರು ತಿಳಿದಿದ್ದರು. ಹಾಗಲ್ಲ. ಹೆದರಿಕೆ ಹೆಚ್ಚಾದಾಗ ಕರುಳಿನ ಚಲನೆ ಬದಲಾಗುತ್ತದೆ, ಮಕ್ಕಳಿಗೆ ಹೊಕ್ಕುಳ ಸುತ್ತ ನಿಜವಾಗಿಯೇ ನೋಯುತ್ತದೆ. ಹುಡುಗ ನಾಟಕ ಮಾಡುತ್ತಿಲ್ಲ ಎಂಬುದನ್ನು ಅವನ ಎದುರಿಗೇ ಹೇಳಿದೆ. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಮತ್ತೆ ಮತ್ತೆ ಜ್ವರ ಅಥವಾ ವಾಂತಿ ಕಂಡರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೇ.

ಅವರ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ಎಷ್ಟು ಡಜನ್ ಪ್ಯಾಂಟು ಮುಗಿಯಿತು ಎಂದು ಬರೆದಿಡುವ ರೂಢಿಯಿತ್ತು. ಅದೇ ಚೌಕದ ಮೂಲೆಯಲ್ಲಿ ಹೊಟ್ಟೆನೋವು ಬಂದರೆ ಒಂದು ಗುರುತು ಹಾಕಿ, ಹೋಮ್‌ವರ್ಕಿಗೆ ಕೂತ ಹೊತ್ತು, ಎದ್ದ ಹೊತ್ತು ಬರೆಯಿರಿ ಎಂದೆ. ಮುಂದಿನ ಭೇಟಿಗೆ ಫೋನಿನಲ್ಲಿ ಅದರ ಫೋಟೊ ತಂದರು. ಭಾನುವಾರ ಸಂಜೆ, ಸೋಮವಾರ, ಮಂಗಳವಾರ ಗುರುತುಗಳು ಒತ್ತಾಗಿದ್ದವು. ಅರ್ಧ ದಿನದ ಶನಿವಾರಕ್ಕೆ ಒಂದೂ ಇರಲಿಲ್ಲ. ಹೋಮ್‌ವರ್ಕಿನ ಹೊತ್ತು ಬಹುಪಾಲು ರಾತ್ರಿ ಒಂಬತ್ತರಿಂದ ಹನ್ನೊಂದು.

ಇನ್ನು ಶಾಲೆಯ ವಾರದ ಕ್ರಮ. ಶನಿವಾರ 20 ಇಂಗ್ಲಿಷ್ ಪದ ಕೊಡುತ್ತಾರೆ, ಸೋಮವಾರ ಡಿಕ್ಟೇಶನ್. ತಪ್ಪಾದ ಒಂದೊಂದು ಪದವನ್ನೂ ಹತ್ತು ಸಲ ಬರೆದು ಮಂಗಳವಾರ ತೋರಿಸಬೇಕು. ದಿನದ ಹೋಮ್‌ವರ್ಕ್ ಅದರ ಮೇಲೆ. ಎರಡು ಪದ ತಪ್ಪಿದ ಮಗು 20 ಸಲ ಬರೆದು ಆಡಲು ಹೋಗುತ್ತದೆ. ಹುಲುಗೇಶನಿಗೆ ಒಂದು ವಾರ 14 ತಪ್ಪು, ಅಂದರೆ 140 ಸಲ. ಅದು ಮುಗಿಯುವಷ್ಟರಲ್ಲಿ ಗಣಿತ ಉಳಿಯುತ್ತದೆ, ಡೈರಿಯಲ್ಲಿ ಕೆಂಪು ಮಸಿಯ 'ಇನ್‌ಕಂಪ್ಲೀಟ್' ಬೀಳುತ್ತದೆ. ಬುಧವಾರ ಬೆಂಚಿನ ಮೇಲೆ ನಿಲ್ಲಬೇಕು. ಯಾವ ಮಗುವಿಗೆ ಬರುವುದಿಲ್ಲವೋ ಅದರ ತಲೆಯ ಮೇಲೆ ಏಳು ಪಟ್ಟು ಹೊರೆ. ಈ ಕ್ರಮವನ್ನು ನಾನು ಬಳ್ಳಾರಿಯಲ್ಲಿ ಬೇರೆ ಮಕ್ಕಳ ನೋಟ್‌ಬುಕ್‌ಗಳಲ್ಲೂ ಕಂಡಿದ್ದೇನೆ. ಪ್ರತಿ ಸಲ ಸಂಕಟವಾಗುತ್ತದೆ.

ಹತ್ತು ಸಲ ಬರೆದರೆ ಪದ ಬರುತ್ತದೆಯೇ? ನನ್ನೆದುರಿಗೆ ಬರಿ ಎಂದೆ. 'ಬಿಕಾಸ್' ಎಂಬ ಪದ. ಅವನು 'ಬಿ' ಅಕ್ಷರವನ್ನು ಮೇಲಿನಿಂದ ಕೆಳಕ್ಕೆ ಹತ್ತು ಸಲ ಇಳಿಸಿದ. ಆಮೇಲೆ ಅದರ ಪಕ್ಕದಲ್ಲಿ 'ಇ' ಹತ್ತು ಸಲ. ಹೀಗೆ ಕಂಬದ ಪಕ್ಕ ಕಂಬ ನಿಲ್ಲಿಸಿ ಏಳು ಅಕ್ಷರ ಮುಗಿಸಿದ. ದುಂಡನೆಯ ಅಕ್ಷರ, ನೇರ ಸಾಲು. ಇಂಥ ಪುಟಗಳ ಕೆಳಗೆಲ್ಲ 'ಗುಡ್' ಎಂಬ ಷರಾ ಇತ್ತು. ಆ ಪದ ಓದು ಎಂದರೆ ನನ್ನ ಮುಖ ನೋಡಿದ. "ಬರಿಯಾಕ ಬರ್ತದ್ರಿ, ಓದಾಕ ಬರಂಗಿಲ್ಲ," ಎಂದ.

ಕನ್ನಡದ ಕಥೆ ಪುಸ್ತಕ ಕೊಟ್ಟೆ. ಒತ್ತಕ್ಷರ ಬಂದಲ್ಲಿ ತಡವರಿಸಿದ, ಉಳಿದದ್ದು ಓದಿ ಅರ್ಥವನ್ನೂ ಹೇಳಿದ. ಎದ್ದು ನಿಂತು ಹನ್ನೆರಡರ ಮಗ್ಗಿ ಹೇಳು ಎಂದರೆ ಮೂರಕ್ಕೆ ನಿಲ್ಲುತ್ತಾನೆ. ಅವ್ವ ಐದು ಡಜನ್ ಪ್ಯಾಂಟು ಮುಗಿಸಿದರೆ ಎಷ್ಟಾದವು ಎಂದರೆ ತಕ್ಷಣ "ಅರವತ್ತು". ದಡ್ಡನೂ ಅಲ್ಲ, ಸೋಂಬೇರಿಯೂ ಅಲ್ಲ. ಸರ್ಕಾರಿ ಶಾಲೆಯ ಮೊದಲ ಮೂರು ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಮಗು ಕಾರ್ಡು ಹಿಡಿದು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ತಾನೇ ಏರುತ್ತದೆ, ಪಕ್ಕದವನಿಗಿಂತ ಎರಡು ಮೆಟ್ಟಿಲು ಕೆಳಗಿದ್ದರೂ ನಾಚಿಕೆಯಿಲ್ಲ. ಅಲ್ಲಿಂದ ಬಂದವನು ಒಮ್ಮೆಲೇ ಬೇರೆ ಭಾಷೆ, ಒಂದೇ ವೇಗದ ಪಾಠ, ನಿಂತು ಒಪ್ಪಿಸುವ ಪದ್ಧತಿಗೆ ಸಿಕ್ಕಿದ್ದ.

ಮನೆಯ ಕಷ್ಟವೂ ಸಣ್ಣದಲ್ಲ. ಡೈರಿ ಇಂಗ್ಲಿಷಿನಲ್ಲಿರುತ್ತದೆ, ತಾಯಿ ಕನ್ನಡದಲ್ಲಿ ಏಳನೇ ತರಗತಿ ಓದಿದವರು. ಪಕ್ಕದ ಮನೆಯ ಪಿಯುಸಿ ಹುಡುಗಿ ಟ್ಯೂಷನ್ ಮುಗಿಸಿ ಬಂದು ಓದಿ ಹೇಳುವವರೆಗೆ ಕಾಯಬೇಕು. ಅಷ್ಟರಲ್ಲಿ ಪ್ಯಾಂಟಿನ ಗಂಟು ಬಂದಿರುತ್ತದೆ, ಬೆಳಿಗ್ಗೆಗೆ ಮುಗಿಸಿ ಕೊಡಬೇಕು. ಹುಡುಗ ತೂಕಡಿಸುತ್ತಾನೆ, ತಾಯಿಯ ಕೈಗೆ ಕೋಲು ಬರುತ್ತದೆ. "ಹೊಡೆದ ಮ್ಯಾಲೆ ನನಗಾ ಊಟ ಸೇರಂಗಿಲ್ರಿ," ಎಂದರು. ಕೋಲು ಬಿಡಿಸಲು ಉಪದೇಶ ಬೇಕಿರಲಿಲ್ಲ, ಹೊತ್ತನ್ನು ಬದಲಿಸಿದರೆ ಸಾಕಿತ್ತು.

ತಾಯಿಗೆ ಹೇಳಿದ್ದು ಇಷ್ಟು. ಶಾಲೆಯಿಂದ ಬಂದವನಿಗೆ ತಿನ್ನಲು ಕೊಡಿ, ಆಡಲು ಬಿಡಿ. ಆರು ಗಂಟೆಗೆ, ಗಂಟು ಬಿಚ್ಚುವ ಮೊದಲು, ಅರ್ಧ ತಾಸು ಪಕ್ಕದಲ್ಲಿ ಕೂರಿ. ಅರ್ಧ ತಾಸಾದರೆ ಅಲ್ಲಿಗೆ ಪುಸ್ತಕ ಮುಚ್ಚಿಸಿ, 'ಅರ್ಧ ತಾಸು ಮಾಡಿದ್ದಾನೆ' ಎಂದು ಕನ್ನಡದಲ್ಲೇ ಬರೆದು ಸಹಿ ಮಾಡಿ. ನಿಮಗೆ ಇಂಗ್ಲಿಷ್ ಬರಬೇಕಿಲ್ಲ. ಇವತ್ತಿನ ಪಾಠದಲ್ಲಿ ಏನಿತ್ತು ಎಂದು ಕನ್ನಡದಲ್ಲಿ ಕೇಳಿ, ಅವನು ಹೇಳಲಿ. ಮಲಗುವ ಮುಂಚೆ ಒಂದು ಪುಟ ಕನ್ನಡ ಅವನು ಓದಿ ನಿಮಗೆ ಕೇಳಿಸಲಿ. ಮಗ್ಗಿಗೆ ಪ್ಯಾಂಟಿನ ಲೆಕ್ಕವೇ ಸಾಕು, ಆದರೆ ದಾರ ಕತ್ತರಿಸಲು ಅವನನ್ನು ಕೂರಿಸಬೇಡಿ.

ತಾಯಿಯೊಂದಿಗೆ ಶಾಲೆಗೂ ಹೋದೆ. ಕ್ಲಾಸ್ ಟೀಚರ್ ಕೆಟ್ಟವರಲ್ಲ. ತರಗತಿ ತುಂಬ ಮಕ್ಕಳು, ಆಡಳಿತ ಮಂಡಳಿ ನೋಟ್‌ಬುಕ್ ತುಂಬಿದೆಯೇ ಎಂದು ನೋಡುತ್ತದೆ, ಪಾಲಕರೂ ಅದನ್ನೇ ಕೇಳುತ್ತಾರೆ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯನ್ನು ಮುಂದಿಟ್ಟೆ. ಅದರ ಪ್ರಕಾರ ಎರಡನೇ ತರಗತಿವರೆಗೆ ಹೋಮ್‌ವರ್ಕೇ ಇಲ್ಲ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ತಾಸು. ಐದು ದಿನಕ್ಕೆ ಹಂಚಿದರೆ ದಿನಕ್ಕೆ 24 ನಿಮಿಷ. ಹುಲುಗೇಶನ ವಾರದ ಪಾಲು ಸೋಮವಾರ ರಾತ್ರಿಯೇ ಮುಗಿದುಹೋಗುತ್ತಿತ್ತು. ಬೆಂಚಿನ ಮೇಲೆ ನಿಲ್ಲಿಸುವುದರ ಬಗ್ಗೆ ಮೆತ್ತಗೆ ಮಾತಾಡಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಖಾಸಗಿ ಶಾಲೆಗೂ ಅದು ಅನ್ವಯ ಎಂದೆ.

ಕೇಳಿದ್ದು ನಾಲ್ಕಾರು ಬದಲಾವಣೆ. ಇವನಿಗೆ 20ರ ಬದಲು 6 ಪದ, ಅದೂ ತರಗತಿಯಲ್ಲಿ ಓದಿಸಿದ ಪಾಠದವು. ಡಿಕ್ಟೇಶನ್ ಬುಧವಾರಕ್ಕೆ ಹೋದರೆ ಸೋಮವಾರ, ಮಂಗಳವಾರ ಶಾಲೆಯಲ್ಲೇ ಅಭ್ಯಾಸ ಸಿಗುತ್ತದೆ. ತಪ್ಪಾದ ಪದವನ್ನು ಬಿಡಿಸಿ ಓದಲಿ, ಮುಚ್ಚಿಕೊಂಡು ಎರಡು ಸಲ ಬರೆಯಲಿ, ಒಂದು ವಾಕ್ಯದಲ್ಲಿ ಬಾಯಲ್ಲಿ ಹೇಳಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಕೊನೆಯ ಪೀರಿಯಡಿನ ಹತ್ತು ನಿಮಿಷದಲ್ಲಿ ಹೋಮ್‌ವರ್ಕನ್ನು ತರಗತಿಯಲ್ಲೇ ಶುರು ಮಾಡಿಸಿ. ಮನೆಯಲ್ಲಿ ಯಾರ ಕೈಲಿ ಆಗುವುದಿಲ್ಲ ಎಂಬುದು ಆ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಡಿಕ್ಟೇಶನ್ ಮಂಗಳವಾರಕ್ಕೆ ಹೋಯಿತು. ಇವನಿಗೆ 8 ಪದ, ತಪ್ಪಿದ ಪದವನ್ನು ಮೂರು ಸಲ ಬರೆದರೆ ಸಾಕು. ಬೆಂಚಿನ ಮೇಲೆ ನಿಲ್ಲಿಸುವುದು ತಪ್ಪಿತು. ನೋಟ್‌ಬುಕ್ ತಪಾಸಣೆ ಹಾಗೇ ಇದೆ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಪರೀಕ್ಷೆಯ ಹಿಂದಿನ ದಿನ ಬರುತ್ತದೆ. ಆದರೆ ಭಾನುವಾರ ಸಂಜೆ ಬೀದಿಯಲ್ಲಿ ಕ್ರಿಕೆಟ್ ಆಡುತ್ತಾನೆ.

ತಂದೆ ಕೇಳಿದ್ದು ಎರಡು ಪ್ರಶ್ನೆ. ಟ್ಯೂಷನ್ ಹಚ್ಚಲೇ? ಬೇಡ, ಅಲ್ಲಿಯೂ ಕಾಪಿ ಬರೆಸುವುದೇ ಆಗುತ್ತದೆ. ಸರ್ಕಾರಿ ಶಾಲೆಗೆ ವಾಪಸ್ ಹಾಕಲೇ? ಇಂಗ್ಲಿಷಿನ ಬುನಾದಿ ಇಲ್ಲದೆ ನಾಲ್ಕನೇ ತರಗತಿಯಲ್ಲಿ ಮಾಧ್ಯಮ ಬದಲಿಸಿದ್ದು ಅವನಿಗೆ ಭಾರವಾಗಿದೆ ಎಂದು ನೇರವಾಗಿಯೇ ಹೇಳಿದೆ. ಆದರೆ ವರ್ಷದ ನಡುವೆ ಇನ್ನೊಮ್ಮೆ ಕೀಳುವುದು ಬೇಡ. ಏಪ್ರಿಲ್‌ನಲ್ಲಿ ಅವನನ್ನೂ ಕೂರಿಸಿಕೊಂಡು ನಿರ್ಧರಿಸಿ, ಅಲ್ಲಿಯವರೆಗೆ ಆ ಮಾತನ್ನು ಬೆದರಿಕೆಯಾಗಿ ಬಳಸಬೇಡಿ ಎಂದೆ.

ಅದೇ ತರಗತಿಯಲ್ಲಿ ಅಕ್ಷರ ಇಳಿಸಿ ಬರೆಯುವ ಬೇರೆ ಮಕ್ಕಳೂ ಇದ್ದಾರೆ ಎಂದು ಟೀಚರೇ ಆಮೇಲೆ ಹೇಳಿದರು. ಹತ್ತು ಸಲದ ನಿಯಮವನ್ನು ಎಲ್ಲ ಮಕ್ಕಳಿಗೂ ತೆಗೆಯಬೇಕೆಂದು ಶಾಲೆಗೆ ಬರೆದು ಕೊಟ್ಟಿದ್ದೇನೆ. ಮುಂದಿನ ಪಾಲಕರ ಸಭೆಯಲ್ಲಿ ಅದನ್ನು ಚರ್ಚೆಗೆ ಇಡುವುದಾಗಿ ಮುಖ್ಯ ಶಿಕ್ಷಕಿ ಒಪ್ಪಿದ್ದಾರೆ. ಹುಲುಗೇಶನ ತಾಯಿಯೂ ಅಲ್ಲಿ ಮಾತಾಡಲಿದ್ದಾರೆ.